ದಡಿ ನೋಡಿ ಕಾಲ ಹೇಳುತ್ತಿದ್ದವರು

ಕಾಕಾ ತೀರಿಕೊಂಡ ದಿನ ಗಜೇಂದ್ರಗಡದ ಅವರ ಮನೆಯ ಮುಂದೆ ಸೇರಿದವರಲ್ಲಿ ಹೆಂಗಸರೇ ಹೆಚ್ಚು. ರೋಣದಿಂದ, ನರಗುಂದದಿಂದ, ನಡುವಿನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದಿದ್ದರು. ಆ ಹೊತ್ತಿನಲ್ಲಿ ಕಾಕಾ ಎದ್ದು ಕೂತಿದ್ದರೆ ಅವರಲ್ಲಿ ಒಬ್ಬರ ಗುರುತನ್ನೂ ಹಿಡಿಯುತ್ತಿರಲಿಲ್ಲ. ಆದರೆ ಯಾರ ಸೀರೆ ಎಲ್ಲಿ ನೇಯ್ದದ್ದು, ಅದನ್ನು ರೇಷ್ಮೆ ಅಂತ ಸುಳ್ಳು ಹೇಳಿ ಕೊಟ್ಟವರು ಯಾರು, ಎಷ್ಟು ಸಲ ನೀರು ಕಂಡಿದೆ, ಇವನ್ನೆಲ್ಲ ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಮತ್ತೆ ಮಲಗುತ್ತಿದ್ದರು. ನಾನು ಅಳುತ್ತಲೇ ನಿಂತಿದ್ದೆ. ಆದರೂ ಅವಸರದಲ್ಲಿ ಉಟ್ಟು ಬಂದಿದ್ದ ನನ್ನ ನೈಲಾನ್ ಸೀರೆಯ ಬಗ್ಗೆ ಅವರ ಎದುರಿಗೆ ಸ್ವಲ್ಪ ನಾಚಿಕೆಯಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ನಲವತ್ತು ವರ್ಷಕ್ಕೂ ಮೇಲೆ ಅವರು ಅಲ್ಲಿಯ ಒಂದು ಅರಿವಿ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಕೂತು ಸೀರೆ ತೋರಿಸಿದವರು. ಸೀರೆಯ ದಡಿಯನ್ನು, ಅಂದರೆ ಅಂಚನ್ನು, ಹೆಬ್ಬೆರಳಿನಿಂದ ಒಮ್ಮೆ ಸವರಿ ಅದರ ಜಾತಕ ಹೇಳುತ್ತಿದ್ದರು. ಅದಕ್ಕೇ ಮೂರೂ ಊರಿನಲ್ಲಿ ಅವರು ದಡಿ ಕಾಕಾ. ಅವರ ನಿಜವಾದ ಹೆಸರನ್ನು ನಾನು ಮೊದಲ ಸಲ ಓದಿದ್ದು ಅವರ ಶ್ರದ್ಧಾಂಜಲಿಯ ಬ್ಯಾನರಿನ ಮೇಲೆ. ಓದಿ, ಇವರು ಯಾರಪ್ಪಾ ಅಂತ ಒಂದು ಗಳಿಗೆ ನಿಂತೂಬಿಟ್ಟೆ.

ಕೆಲಸಕ್ಕೆ ಸೇರಿದ ದಿನ ಮಾಲಕರು ಅವರಿಗೆ ಒಂದೇ ಮಾತು ಹೇಳಿದ್ದರಂತೆ. "ತಮ್ಮಾ, ಗಾದಿ ಮ್ಯಾಲ ಕುಂತ ಮ್ಯಾಲ ಕಣ್ಣ ಸೀರಿ ಮ್ಯಾಲ ಇರಬೇಕು, ಉಡಾಕಿ ಮ್ಯಾಲ ಅಲ್ಲ." ಬೇರೆ ಯಾರಾದರೂ ಆಗಿದ್ದರೆ ಅಂಗಡಿಯ ಬಾಗಿಲು ಹಾಕಿದ ಕೂಡಲೇ ಈ ನಿಯಮವನ್ನೂ ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಕಾಕಾ ಅದನ್ನು ಜನ್ಮಕ್ಕೆ ಅಂಟಿಸಿಕೊಂಡರು. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಬಂದು ನಿಂತ ತಮ್ಮ ಸ್ವಂತ ತಂಗಿಗೇ "ಯಾ ಊರಿಗ್ರಿ ಬಾಯಾರ?" ಅಂತ ಕೇಳಿದ್ದರು. ತಂಗಿ ಅವತ್ತು ಹೊಸ ಸೀರೆ ಉಟ್ಟಿದ್ದಳು, ಪಾಪ. ಸೊಸೆ ಮನೆಯಲ್ಲಿ ಚೂಡಿದಾರ ಹಾಕಿಕೊಂಡ ದಿನವಂತೂ ಅವರು ಪಡಸಾಲೆಯಿಂದಲೇ ಮಗನನ್ನು ಕೂಗಿ, "ಯಾರೋ ಬಂದಾರ ನೋಡಪಾ, ನೀರು ಕೊಡು" ಅನ್ನುತ್ತಿದ್ದರು. ಸೊಸೆ ಇದನ್ನು ನಕ್ಕು ಹೇಳುತ್ತಿದ್ದಳು. ಮೊದಲ ವರ್ಷ ನಗುತ್ತಿರಲಿಲ್ಲವಂತೆ.

ನನಗೆ ಅವರ ಪರಿಚಯವಾದದ್ದು ನಮ್ಮ ಮನೆತನದ ವಂಶಾವಳಿಯ ದೆಸೆಯಿಂದ. ನಮ್ಮ ಮೂಲ ಚಿಕ್ಕನರಗುಂದ. ಅಲ್ಲಿಂದ ಕವಲೊಡೆದು ಕೆಲವರು ರೋಣಕ್ಕೆ, ಕೆಲವರು ಅಸೂಟಿಗೆ ಹೋಗಿ ನೆಲೆಸಿದವರು. ನರಗುಂದದಲ್ಲಿರುವ ನನ್ನ ದೊಡ್ಡಪ್ಪನ ಮಗ, ನಮ್ಮ ಅಣ್ಣ, ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲದೆ ಒಂದು ಉದ್ದನೆಯ ಕಾಗದದ ಸುರುಳಿಯ ಮೇಲೆ ಏಳು ತಲೆಮಾರನ್ನು ಬರೆದು, ಅದರ ಫೋಟೋ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ನಾನು ನೋಡಿದರೆ ಏಳು ತಲೆಮಾರಿನಲ್ಲಿ ಒಂದು ಹೆಣ್ಣಿನ ಹೆಸರಿಲ್ಲ. ಗಂಡಸರಿಗೆ ಗಂಡಸರೇ ಹುಟ್ಟುತ್ತ ಬಂದಿದ್ದಾರೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದವಳು ನಾನು, ಇಷ್ಟು ಜನ ಒಮ್ಮೆಲೇ ಗೈರುಹಾಜರಾದರೆ ಸುಮ್ಮನೆ ಕೂಡಲಿ ಹೇಗೆ? ಎಲ್ಲರ ಮನೆಯ ಟ್ರಂಕಿನಿಂದ ಹಳೆ ಫೋಟೋ ತರಿಸಿದೆ. ನಲವತ್ತಕ್ಕೂ ಹೆಚ್ಚು ಬಂದವು. ಗಂಡಸರ ಹಿಂದೆ ಹೆಸರು ಬರೆದಿತ್ತು. ಹೆಂಗಸರು ಸೆರಗು ಹೊದ್ದು, ಹುಬ್ಬು ಗಂಟಿಕ್ಕಿ, ಯಾರೂ ಅಲ್ಲದವರಂತೆ ಕೂತಿದ್ದರು. ಯಾರು ಯಾರ ಅವ್ವ, ಯಾವುದು ಮೊದಲು, ಯಾವುದು ಆಮೇಲೆ, ಒಂದೂ ಗೊತ್ತಿಲ್ಲ. ಗುಂಪಿನಲ್ಲಿ ದಿನಾ ಜಗಳ. ಕಡೆಗೆ ಯಾರೋ, "ಗಜೇಂದ್ರಗಡದಾಗ ಒಬ್ಬರದಾರ, ಸೀರಿ ನೋಡಿ ಹೇಳತಾರ" ಅಂದರು.

ಚೀಲದ ತುಂಬ ಫೋಟೋ ತೆಗೆದುಕೊಂಡು ಹೋದೆ. ಕಾಕಾ ನನ್ನ ಮುಖ ನೋಡಲಿಲ್ಲ, ಸೀರೆ ನೋಡಿದರು. "ಬರ್ರಿ ಅಕ್ಕಾರ, ಕುಂದರ್ರಿ" ಅಂದರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಗಳಿಗೆ ಅಕ್ಕಾರು ಅನ್ನುತ್ತಾರೆ. ನಾನು ಸಾಲೆಯವಳು ಅಂತ ಹೇಗೆ ತಿಳಿಯಿತು ಎಂದು ಕೇಳಿದೆ.

"ಬಲಗೈ ಕಡೆ ಸೆರಗಿಗೆ ಸುಣ್ಣದ ಕಡ್ಡಿ ಧೂಳ ಹತ್ತೇತ್ರಿ. ವರ್ಷಗಟ್ಲೆ ಹತ್ತಿದ್ದು, ಒಗದ್ರ ಹೋಗೂದಿಲ್ಲ."

ಫೋಟೋಗಳನ್ನು ಅವರು ಸೀರೆ ತೋರಿಸುವ ಹಾಗೆಯೇ ಒಂದೊಂದಾಗಿ ಚಾಪೆಯ ಮೇಲೆ ಎಸೆದು ಹರಡಿದರು. ಆಮೇಲೆ ಒಂದನ್ನು ಎತ್ತಿ, ಅದರಲ್ಲಿನ ಹೆಂಗಸಿನ ಮುಖದ ಮೇಲೆ ಸರಿಯಾಗಿ ತಮ್ಮ ಹೆಬ್ಬೆರಳು ಇಟ್ಟು ಮುಚ್ಚಿ, ಉಳಿದದ್ದನ್ನು ನೋಡತೊಡಗಿದರು. ನನಗೆ ಸಿಟ್ಟೇ ಬಂತು. ಮುಖದ ಗುರುತಿಗೆಂದು ನಾನು ಇಷ್ಟು ದೂರ ಬಂದರೆ ಇವರು ಮುಖವನ್ನೇ ಮುಚ್ಚುತ್ತಾರಲ್ಲ!

"ಮುಖ ನೋಡಿದ್ರ ತಲಿ ಕೆಡತೈತ್ರಿ ಅಕ್ಕಾರ. ಇಕಿ ನಮ್ಮತ್ತಿ ಇದ್ದಂಗ ಅದಾಳ, ಅಕಿ ನಮ್ಮವ್ವ ಇದ್ದಂಗ ಅದಾಳ ಅಂತ ಮನಸ ಓಡತೈತಿ. ಸೀರಿ ಯಾರ ಇದ್ದಂಗೂ ಇರೂದಿಲ್ಲ."

ಕಪ್ಪುಬಿಳುಪು ಫೋಟೋದಲ್ಲಿ ಬಣ್ಣ ಹೇಳುವುದು ಅವರ ದೊಡ್ಡ ಜಂಬ. ಈ ವಿದ್ಯೆ ಬಂದದ್ದು ಅಂಗಡಿಯಲ್ಲೇ. ಲಗ್ನದ ಸೀಸನ್ನಿನಲ್ಲಿ ಹೆಂಗಸರು ಫೋಟೋ ಹಿಡಿದು ಬಂದು, "ನಮ್ಮ ಚಿಗವ್ವನ ಮೈಮ್ಯಾಲ ಐತೆಲ್ರಿ, ಇಂಥಾದ ಬೇಕು" ಅನ್ನುತ್ತಿದ್ದರಂತೆ. ಮರುದಿನ ಚಿಗವ್ವನ ಸೀರೆಯನ್ನೇ ತಂದು ತೋರಿಸಿದಾಗ ಕಾಕಾ ಎರಡನ್ನೂ ಪಕ್ಕಪಕ್ಕ ಇಟ್ಟು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಳೆ ಫೋಟೋದಲ್ಲಿ ಕೆಂಪು ಕರ್ರಗೆ ಬರುತ್ತದೆ, ನೀಲಿ ಬೆಳ್ಳಗೆ ಬರುತ್ತದೆ, ಹಸಿರು ನಡುವೆ ಬೂದಿಯ ಹಾಗೆ ಕೂಡುತ್ತದೆ. ಇದನ್ನು ಅವರು ನನಗೆ ಮಗ್ಗಿ ಕಲಿಸಿದಂತೆ ಕಲಿಸಿದರು. ಮುಂದಿನ ಸಲ ಹೋದಾಗ ಪರೀಕ್ಷೆಯನ್ನೂ ಮಾಡಿದರು. ನಾನು ನಪಾಸಾದೆ.

ಅವರ ಪಂಚಾಂಗವೇ ಬೇರೆ. ಅಣ್ಣನಿಗೆ ಇಸವಿ ಬೇಕು, ಇವರ ಬಳಿ ಇಸವಿ ಇಲ್ಲ. "ಇದು ಬಣ್ಣದ ನೂಲು ಸಿಗದಾಗಿನ ಫೋಟೋ." "ಇದು ಪಾಲಿಸ್ಟರ್ ಬರೂಕ್ಕಿಂತ ಮೊದಲಿಂದು." "ಇದು ಮಲಪ್ರಭಾ ನೀರು ಕಾಲಿವಿಗೆ ಬಂದ ಮ್ಯಾಲಿಂದು, ದಡಿ ನೋಡ್ರಿಲ್ಲೆ, ಒಮ್ಮೆಲೆ ನಾಕ ಬಟ್ಟ ಅಗಲ ಆಗೇತಿ. ನೀರು ಬಂತು, ಹತ್ತಿ ಬಂತು, ಹೆಣ್ಮಕ್ಕಳು ಸಣ್ಣ ದಡಿ ಕೇಳೂದ ಬಿಟ್ರು." ಬಟ್ಟ ಅಂದರೆ ಬೆರಳು. ನಾನು ಇದನ್ನೆಲ್ಲ ಬರೆದುಕೊಂಡು ಹೋಗಿ ಅಣ್ಣನಿಗೆ ಹೇಳಿದರೆ ಅವನು ಫೋನಿನಲ್ಲೇ ತಲೆ ಚಚ್ಚಿಕೊಳ್ಳುತ್ತಿದ್ದ. "ದಡಿ ನಾಕು ಬಟ್ಟ ಅಗಲ ಅಂತ ವಂಶಾವಳಿಯೊಳಗ ಬರೀಲ್ಯಾ?" ಆದರೆ ಇಸವಿ ಗೊತ್ತಿದ್ದ ಎರಡು ಮೂರು ಫೋಟೋಗಳನ್ನು ಅಣ್ಣ ಕಳ್ಳತನದಿಂದ ಚೀಲದೊಳಗೆ ಸೇರಿಸಿ ಕಳಿಸಿದ. ಕಾಕಾ ಎಲ್ಲವನ್ನೂ ಸರಿಯಾದ ಸಾಲಿಗೆ ಇಟ್ಟರು. ಆಮೇಲೆ ಅಣ್ಣ ಸುಮ್ಮನಾದ.

ಕೊಣ್ಣೂರಿನ ನಮ್ಮ ಬೀಗರ ಫೋಟೋದ ಕಥೆಯನ್ನಂತೂ ನಾನು ಸಾಯುವತನಕ ಹೇಳುತ್ತೇನೆ. ಒಬ್ಬ ಮುದುಕಮ್ಮ ಕುರ್ಚಿಯ ಮೇಲೆ ಕೂತ ಫೋಟೋ. ಮೊಮ್ಮಗನ ಲಗ್ನದಲ್ಲಿ ತೆಗೆದದ್ದು ಅಂತ ಮನೆಯವರೆಲ್ಲ ಆಣೆ ಮಾಡಿ ಹೇಳಿದ್ದರು. ಕಾಕಾ ಹೆಬ್ಬೆರಳು ಇಟ್ಟರು, ನೋಡಿದರು, ತಲೆ ಅಲ್ಲಾಡಿಸಿದರು. "ಸೀರಿ ಮ್ಯಾಲ ಅಂಗಡಿ ಮಡಿಕಿ ಇನ್ನೂ ಬಿಟ್ಟಿಲ್ಲ. ನೋಡ್ರಿ, ಅಡ್ಡಗೀಟು. ಗಂಜಿ ಹಂಗ ಐತಿ. ಲಗ್ನದಾಗ ಮುದುಕಿ ಒಂದ ದಿನಾನೂ ಕುಂದರೂದಿಲ್ಲ, ಮೂರು ದಿನ ಓಡ್ಯಾಡಿ ಸೀರಿ ಮುದ್ದಿ ಆಗಿರತೈತಿ. ಇದು ಅಂಗಡಿಯಿಂದ ತಂದು, ಬಿಚ್ಚಿ, ಉಡಿಸಿ, ಸೀದಾ ಕುರ್ಚಿ ಮ್ಯಾಲ ಕುಂದರಿಸಿದ್ದು. ಫೋಟೋದ ಸಲುವಾಗಿನ ತಂದ ಸೀರಿ." ಆ ಮನೆಯ ಹಿರಿಯರೊಬ್ಬರನ್ನು ಕೇಳಿದರೆ ಅವರಿಗೆ ಆಗ ನೆನಪಾಯಿತು. ಮುದುಕಿ ಹಾಸಿಗೆ ಹಿಡಿಯುವ ಲಕ್ಷಣ ಕಂಡಾಗ ಗೋಡೆಗೆ ಒಂದು ಫೋಟೋ ಇರಲಿ ಅಂತ ತೆಗೆಸಿದ್ದಂತೆ. ಮುದುಕಿ ಆಮೇಲೆ ಹನ್ನೆರಡು ವರ್ಷ ಬದುಕಿದಳು ಅನ್ನುವುದು ಬೇರೆ ಮಾತು. ಇಷ್ಟು ಹೇಳಿ ಕಾಕಾ ಸುಮ್ಮನಿರಬಾರದೆ? "ಮೂರು ಮಡಿಕಿ ನಮ್ಮ ಅಂಗಡಿದು. ಎದುರಿನವರದು ನಾಕು" ಅಂತ ಸೇರಿಸಿದರು. ಅಂಗಡಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಎದುರಿನವರ ಮೇಲಿನ ಹಟ ಹೋಗಿರಲಿಲ್ಲ.

ಅವರ ಸ್ವಂತ ಫೋಟೋದ ವಿಷಯ ನನಗೆ ತಿಳಿದದ್ದು ಬಹಳ ತಡವಾಗಿ, ನಾಲ್ಕನೆಯದೋ ಐದನೆಯದೋ ಭೇಟಿಯಲ್ಲಿ. ಅವತ್ತು ಸೊಸೆ ಚಹಾಕ್ಕೆ ಒಳಗೆ ಕರೆದಳು. ದೇವರ ಮನೆಯ ಪಕ್ಕದ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ, ಅದಕ್ಕೆ ಹೂವಿನ ಹಾರ, ಗಾಜಿನ ಮೇಲೆ ಕುಂಕುಮ. ತುಂಬಿದ ಬಸುರಿಯೊಬ್ಬಳು ಉಡಿ ತುಂಬಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ. ಮುಖ, ಹೆಗಲು ಇರುವ ಕಡೆ ಬೂಷ್ಟು ಬಂದು ಮೋಡ ಕವಿದಂತಾಗಿದೆ, ಸೀರೆ ಮಾತ್ರ ನಿಚ್ಚಳ. "ನಮ್ಮ ಅತ್ತಿಯವರು" ಅಂದಳು ಸೊಸೆ. "ಹೋಗಿ ಹತ್ತು ವರ್ಷದ ಮ್ಯಾಲಾತ್ರಿ. ಮಾವಾರು ದಿನಾ ಮುಂಜಾನೆ ತಾವ ಹೂವು ಏರಸ್ತಾರ."

ಹೊರಗೆ ಬಂದು ಕೇಳಿದೆ. ಕಾಕಾ ಹೆಂಡತಿಯ ಬಗ್ಗೆ ಎರಡು ಮಾತು ಹೇಳಿದರು, ಸೀರೆಯ ಬಗ್ಗೆ ಅರ್ಧ ತಾಸು. ಅಂಗಡಿಗೆ ಬಂದ ಗಂಟಿನಲ್ಲಿ ಆ ಹಸಿರು ಸೀರೆ ಕಂಡಾಗ ಅವರ ಲಗ್ನವಾಗಿ ಎರಡು ವರ್ಷವಾಗಿತ್ತಂತೆ. ಅದನ್ನು ಅವರು ಸೀರೆಗಳ ಥಪ್ಪಿಯ ಎಲ್ಲಕ್ಕಿಂತ ಕೆಳಗೆ ಬಚ್ಚಿಟ್ಟರು. ಜೀವನದಲ್ಲಿ ಗಿರಾಕಿಗೆ ಸುಳ್ಳು ಹೇಳಿದ್ದು ಆ ಎರಡು ತಿಂಗಳು ಮಾತ್ರ, ಆ ಸೀರೆಯ ತುದಿ ಕಂಡು ಕೇಳಿದವರಿಗೆಲ್ಲ "ಹೋಗೇತ್ರಿ ಅದು" ಅಂದರು. ಹೆಂಡತಿಯ ಕುಬಸಕ್ಕೆ, ಅಂದರೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸುವ ಕಾರ್ಯಕ್ಕೆ, ಸೀರೆ ತರಲು ಅತ್ತೆ ಅಂಗಡಿಗೇ ಬಂದಳು. ಅಳಿಯ ಮೂವತ್ತು ಸೀರೆ ತೆರೆದು ತೋರಿಸಿದ. ಅತ್ತೆಗೆ ಯಾವುದೂ ಮನಸ್ಸಿಗೆ ಬರದ ಹಾಗೆ ನೋಡಿಕೊಂಡೇ ತೋರಿಸಿದ. ಕೊನೆಗೆ, "ಒಂದು ಒಳಗ ಐತಿ, ನಿಮಗ ಸೇರತೈತೋ ಇಲ್ಲೋ" ಅಂತ ಅದನ್ನು ಎಳೆದ. ಅತ್ತೆ ಕಿತ್ತುಕೊಂಡಂತೆ ತೆಗೆದುಕೊಂಡಳು.

"ಆರಿಸಿದ್ದು ತಮ್ಮವ್ವ ಅಂತನ ಅಕಿ ಕಡೀತನಕಾ ತಿಳಕೊಂಡಿದ್ಲ್ರಿ" ಅಂದರು ಕಾಕಾ. "ನಾ ಹೇಳ್ಲಿಲ್ಲ."

"ಯಾಕ ಹೇಳ್ಲಿಲ್ರಿ ಕಾಕಾ?"

"ಹೆಂಗ ಹೇಳೂದ್ರಿ? ಮನ್ಯಾಗ ಅಪ್ಪ ಅವ್ವ, ಅಣ್ಣ ವೈನಿ, ಎಂಟ ಮಂದಿ. ಹೇಳಾಕ ಜಾಗಾರ ಎಲ್ಲಿತ್ತು?"

ಹೆಂಡತಿ ಹೋದ ಮೇಲೆ ಆ ಸೀರೆಗಾಗಿ ಟ್ರಂಕು ತೆಗೆದರಂತೆ. ಸೀರೆ ಇರಲಿಲ್ಲ. ತಳದಲ್ಲಿ ಬೂಷ್ಟು ಹಿಡಿದ ಒಂದು ಸಣ್ಣ ಫೋಟೋ ಇತ್ತು. ಐದಾರು ಹೆಂಗಸರ ನಡುವೆ ಕೂತ ಬಸುರಿ, ಮೈಮೇಲೆ ಅದೇ ಸೀರೆ. ಕುಬಸದ ದಿನ ಇವರು ಅಂಗಡಿಯಲ್ಲಿದ್ದರು, ನೋಡಿರಲಿಲ್ಲ. ನಡುವಿನವಳನ್ನಷ್ಟೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿಸಿದರು. ಸೀರೆ ಹೋದರೂ ಫೋಟೋದಲ್ಲಿ ಸಿಕ್ಕಿತಲ್ಲ ಅಂತ ಅವರಿಗೆ ದೊಡ್ಡ ಸಮಾಧಾನ.

ಅದಾಗಿ ಒಂದು ತಿಂಗಳಿಗೆ ವಂಶಾವಳಿಯ ಕೆಲಸಕ್ಕೆಂದೇ ಅಸೂಟಿಗೆ ಹೋದೆ. ಅಲ್ಲಿ ನಮ್ಮ ಮನೆತನದ ಹಿರಿಯ ಸೊಸೆ ಗಂಗವ್ವ ಇದ್ದಾಳೆ. ಎಂಬತ್ತು ದಾಟಿದರೂ ಜೋಳದ ರೊಟ್ಟಿ ತಾನೇ ಬಡಿಯುವ ಗಟ್ಟಿ ಮುದುಕಿ. ಅವಳ ಗಂಡನಿಗೆ ಮೊದಲ ಕೆಲವು ವರ್ಷ ಗಜೇಂದ್ರಗಡದಲ್ಲಿ ಕೆಲಸವಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಅವಳ ಪಡಸಾಲೆಯ ಗೋಡೆಯಲ್ಲಿ ಗಾಜಿನ ಹಿಂದೆ ಒಂದು ಫೋಟೋ. ನಾನು ನೋಡಿದೆ. ಮತ್ತೆ ನೋಡಿದೆ. ಕಾಕಾನ ಗೋಡೆಯ ಮೇಲಿನ ಅದೇ ಬಸುರಿ, ಅದೇ ಸೀರೆ. ಇಲ್ಲಿ ಬೂಷ್ಟಿಲ್ಲ, ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ವಚ್ಛ. ಆ ಮುಖವೇ ಅರವತ್ತು ವರ್ಷ ಹಳೆಯದಾಗಿ ನನ್ನ ಎದುರಿಗೆ ಕೂತು ರೊಟ್ಟಿ ಬಡಿಯುತ್ತಿತ್ತು.

"ಇದು ಯಾರು ಗಂಗವ್ವತ್ತಿ?"

"ನಾನ ಅಲ್ಲೇನ? ಕಣ್ಣ ಹೋಗ್ಯಾವೇನ ನಿನಗ? ನನ್ನ ಕುಬಸದ್ದು."

ಆಮೇಲೆ ಅವಳೇ ಹೇಳಿದಳು. ಅವಳ ತವರು ಮಲಪ್ರಭೆಯ ಆಚೆ. ಕುಬಸದ ದಿನ ಹೊಳೆ ಏರಿ ಕೊಣ್ಣೂರಿನ ಸೇತುವೆ ಮುಳುಗಿ ತವರಿನವರು ಆ ದಂಡೆಯಲ್ಲೇ ಉಳಿದರು. ಸೀರೆಯೂ ಅವರ ಹತ್ತಿರವೇ ಉಳಿಯಿತು. ಓಣಿಯ ಹೆಂಗಸರು ಸೇರಿದ್ದಾರೆ, ಫೋಟೋದವನು ಬಂದು ಕೂತಿದ್ದಾನೆ, ಬಸುರಿ ಮೂಲೆ ಹಿಡಿದು ಅಳುತ್ತಿದ್ದಾಳೆ. ಆಗ ಎದುರು ಮನೆಯ ಅರಿವಿ ಅಂಗಡಿಯವರ ಹೆಂಡತಿ ಎದ್ದು ಹೋಗಿ, ಹಿಂದಿನ ವರ್ಷ ತನ್ನ ಕುಬಸಕ್ಕೆ ಬಂದ ಸೀರೆ ತಂದು ಉಡಿಸಿದಳು. "ಎಂಟ ದಿನ ಬಿಟ್ಟು ಹೊಳ್ಳಿ ಕೊಡಾಕ ಹ್ವಾದೆ. 'ಹಸರ ಸೀರಿ ಉಡಿಸಿ ಹೊಳ್ಳಿ ಇಸಗೊಂತಾರೇನ? ತವರಿಂದ ಬಂತು ಅಂತ ತಿಳಕೋ' ಅಂದ್ಲು, ಪುಣ್ಯಾತ್ಗಿತ್ತಿ." ಆ ಸೀರೆ ಉಟ್ಟು ಉಟ್ಟು ಹರಿದು, ಕೌದಿಯಾಗಿ, ಅದರ ಮೇಲೆ ಗಂಗವ್ವನ ಐದು ಮಕ್ಕಳು ಮಲಗಿ ಬೆಳೆದವು. "ಇಲ್ಲಿ ಅದಾಳ ನೋಡು ಅಕಿ" ಅಂತ ಗಂಗವ್ವ ಹಿಟ್ಟಿನ ಕೈಯಿಂದಲೇ ಫೋಟೋದ ಬಲ ತುದಿ ತೋರಿಸಿದಳು. ದಿನಬಳಕೆಯ ಪಟ್ಟೆದ ಅಂಚಿನ ಚೌಕಳಿ ಸೀರೆ ಉಟ್ಟ ಒಬ್ಬಳು ನಿಂತಿದ್ದಾಳೆ. ಅರ್ಧ ಮುಖ ಫೋಟೋದ ಹೊರಗೇ ಹೋಗಿದೆ. ಫೋಟೋದವನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಬಗ್ಗಿ, ಗಂಗವ್ವನ ಹೆಗಲ ಮೇಲಿನ ಸೆರಗನ್ನು ಎರಡು ಬೆರಳಿನಿಂದ ಹಿಡಿದು ಸರಿ ಮಾಡುತ್ತಿದ್ದಾಳೆ.

ಕಾಕಾ ದೊಡ್ಡದು ಮಾಡಿಸುವಾಗ ಇವಳನ್ನೇ ಕತ್ತರಿಸಿ ಹಾಕಿಸಿದ್ದರು.

ನಾನು ಹಾರದ ವಿಷಯ ಗಂಗವ್ವನಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ಮುದುಕಿ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಕಣ್ಣಲ್ಲಿ ನೀರು ಬರುವತನಕ ನಕ್ಕಳು. "ಅದಕ್ಕ ನೋಡು, ಮೊಣಕಾಲ ಬಿಟ್ರ ನನಗ ಒಂದೂ ಬ್ಯಾನಿ ಇಲ್ಲ! ದಿನಾ ಪೂಜಿ ಆಗಾಕ್ಹತ್ತೇತಿ!" ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು, ಗೋಡೆಯಿಂದ ಫೋಟೋ ಇಳಿಸಿ ನನ್ನ ಕೈಗೆ ಕೊಟ್ಟಳು. "ಒಯ್ದು ತೋರಸವಾ. ಪೂಜಿ ಅಕೀಗೆ ಮುಟ್ಟಬೇಕು."

ಗುಂಪಿನಲ್ಲಿ ಎಲ್ಲರ ತಪ್ಪನ್ನೂ ಅದೇ ಗಳಿಗೆಗೆ ತಿದ್ದುವ ಅಕ್ಕಾರು ನಾನು. ಆ ಫೋಟೋ ಮಾತ್ರ ಮೂರು ವಾರ ನನ್ನ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿ ಇತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷ ಹೂವು ಏರಿಸಿದ ಮುದುಕನ ಮುಂದೆ ನಿಂತು, ನಿಮ್ಮ ಹೆಂಡತಿ ಇವಳಲ್ಲ, ನೀವು ಆರಿಸಿದ ಸೀರೆಯನ್ನು ಆಕೆ ಒಂದೇ ವರ್ಷಕ್ಕೆ ಕೊಟ್ಟುಬಿಟ್ಟಿದ್ದರು ಅಂತ ಹೇಗೆ ಹೇಳಲಿ? ಇರುವ ಒಂದು ಮುಖವನ್ನೂ ಕಿತ್ತುಕೊಂಡಂತಾಗುತ್ತದೆ. ಹೇಳದಿದ್ದರೆ ಆ ಹೆಣ್ಣುಮಗಳು ಸ್ವಂತ ಮನೆಯ ಗೋಡೆಯ ಮೇಲೂ ಇಲ್ಲದಂತಾಗುತ್ತದೆ. ವಂಶಾವಳಿಯಲ್ಲಿ ಹೆಂಗಸರಿಲ್ಲ ಅಂತ ಊರೆಲ್ಲ ಕೂಗಾಡಿದವಳು ನಾನೇ ತಾನೆ? ಕಡೆಗೆ ಒಂದು ರವಿವಾರ ಮುಂಜಾನೆಯ ಬಸ್ಸು ಹತ್ತಿದೆ.

ಕಾಕಾ ಫೋಟೋ ತೆಗೆದುಕೊಂಡು, ಪದ್ಧತಿಯಂತೆ ನಡುವಿನವಳ ಮುಖದ ಮೇಲೆ ಹೆಬ್ಬೆರಳು ಇಟ್ಟರು. ಅವರ ಮುಖ ಅರಳಿತು. "ಅದ ಸೀರಿ! ಎಷ್ಟ ಚಲೋ ಬಂದೈತ್ರಿ ಅಕ್ಕಾರ, ಎಲ್ಲಿ ಸಿಕ್ಕಿತು?"

ಹೇಳಿದೆ. ಸೇತುವೆ, ತವರು, ಗಂಗವ್ವ, ಎಲ್ಲ. ಕಾಕಾ ಮೊದಲು ನನ್ನ ಜೊತೆ ವಾದಕ್ಕೇ ನಿಂತರು. ಈ ಸೀರೆಯನ್ನು ಅವರಷ್ಟು ಬಲ್ಲವರು ಭೂಮಿಯ ಮೇಲಿಲ್ಲ. ಆ ಗಂಟಿನಲ್ಲಿ ಅಂಥದ್ದು ಬಂದದ್ದೇ ಒಂದು. "ಸೀರಿ ಅವರದನ್ರಿ ಕಾಕಾ, ಉಟ್ಟವರು ಅವರಲ್ಲ" ಅಂದೆ. ಅವರು ನಡುವಿನವಳ ಮುಖದ ಮೇಲಿನ ಹೆಬ್ಬೆರಳು ತೆಗೆದರು. ಆಮೇಲೆ ಕೇಳಿದರು.

"ಹಂಗಾರ ಅಕಿ ಎಲ್ಲಿ ಅದಾಳ?"

ತುದಿಯನ್ನು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದರು. ಹೆಬ್ಬೆರಳು ಎಲ್ಲಿಯೂ ಇಡಲಿಲ್ಲ. ಆ ಅರ್ಧ ಮುಖವನ್ನು ನೋಡಿದರು, ನೋಡಿದರು. ಆಮೇಲೆ ತಿರುಗಿ ನಿಂತು ತಪ್ಪು ಮಾಡಿದ ಹುಡುಗನ ಧ್ವನಿಯಲ್ಲಿ, "ನನಗ ಗುರ್ತ ಹತ್ತವಲ್ತ್ರಿ ಅಕ್ಕಾರ" ಅಂದರು.

ಕಾರಣವನ್ನು ಅವರೇ ಹೇಳಿದರು. ಆ ವಯಸ್ಸಿನ ಹೆಂಡತಿಯ ಮುಖವನ್ನು ಅವರು ಹಗಲಿನಲ್ಲಿ ಸರಿಯಾಗಿ ನೋಡಿದ್ದೇ ಇಲ್ಲ. ಹಿರಿಯರಿದ್ದ ಮನೆ, ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡಿದರೆ ಅವ್ವ ಕೆಮ್ಮುತ್ತಿದ್ದಳು. ಮುಂಜಾನೆ ಅಂಗಡಿ, ಕತ್ತಲಾದ ಮೇಲೆ ಮನೆ. ಹಿರಿಯರು ಒಬ್ಬೊಬ್ಬರಾಗಿ ಹೋಗುವ ಹೊತ್ತಿಗೆ ತಲೆ ತಗ್ಗಿಸುವುದೇ ಇವರಿಗೆ ರೂಢಿಯಾಗಿತ್ತು. "ಮುದುಕಿ ಆದ ಮ್ಯಾಲಿನ ಮುಖ ಐತಿ ಕಣ್ಣಾಗ. ಇದು ಇಲ್ರಿ" ಅಂದರು. ಸಂಕಟವಾಯಿತು. ತಂದೇ ತಪ್ಪು ಮಾಡಿದೆ ಅನಿಸಿತು.

ಫೋಟೋ ಹಿಂದಕ್ಕೆ ಕೊಡಲು ಚಾಚಿದ ಅವರ ಕೈ ನಡುವೆಯೇ ನಿಂತಿತು. ಅವರು ಈಗ ಮುಖ ನೋಡುತ್ತಿರಲಿಲ್ಲ, ಗಂಗವ್ವನ ಹೆಗಲನ್ನು ನೋಡುತ್ತಿದ್ದರು. ಅಲ್ಲಿ ಸೆರಗನ್ನು ಹಿಡಿದ ಎರಡು ಬೆರಳು.

"ಇಕೀನ!" ಅಂದರು. "ಇಕೀನ್ರಿ ಅಕ್ಕಾರ! ಅಂಗಡಿಗೆ ಹೊಂಡೂಮುಂದ ಬಾಗಿಲ ಹಿಂದ ನಿಂತು ನನ್ನ ಕೋಟಿನ ಕಾಲರ ಹಿಂಗ, ಎರಡ ಬಟ್ಟಿಲೆ ಹಿಡದು ಸರಿ ಮಾಡಾಕಿ. ಮಾತಿಲ್ಲ ಕಥಿಲ್ಲ, ಇಷ್ಟ. ದಿನಾ!" ತಮ್ಮ ಅಂಗಿಯ ಕಾಲರನ್ನು ತಾವೇ ಹಿಡಿದು ತೋರಿಸಿದರು. ಆಮೇಲೆ ಹೊಸ್ತಿಲ ಮೇಲೆ ಕೂತು ಅತ್ತರು. ಸೊಸೆ ಒಳಗಿನಿಂದ ಓಡಿಬಂದಳು. ಮೂವರೂ ಅತ್ತೆವು, ಮುಚ್ಚುಮರೆ ಯಾಕೆ.

ಅಳು ನಿಂತ ಮೇಲೆ ಅವರಿಗೆ ಒಮ್ಮೆಲೇ ಏನೋ ಹೊಳೆಯಿತು. "ಗಂಗವ್ವ ಅದಾಳೇನ್ರಿ ಇನ್ನೂ?"

"ಅದಾರ್ರಿ. ಗಂಡ ಹೋಗಿ ಭಾಳ ವರ್ಷಾತು, ಅವರು ಗಟ್ಟಿ ಅದಾರ."

"ಶಿವಶಿವಾ! ಜೀವಂತ ಇದ್ದಾಕಿಗೆ ಹಾರಾ ಹಾಕೇನಲ್ರಿ! ಅಕಿ ಗಂಡ ಇದ್ದಿದ್ರ ಬಡಿಗಿ ತೊಗೊಂಡ ಬರತಿದ್ದ!" ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಕಾಕಾ ಅವತ್ತೇ ಗೋಡೆಯ ಫೋಟೋದ ಹಾರ ತೆಗೆದರು, ಕುಂಕುಮ ಒರೆಸಿದರು, ಕ್ಷಮೆ ಕೇಳಿದಂತೆ ಒಮ್ಮೆ ಕೈಮುಗಿದು ಕೆಳಗಿಳಿಸಿದರು.

ಮರುವಾರ ನಾವಿಬ್ಬರೂ ಪೇಟೆಯ ಒಂದು ಸ್ಟುಡಿಯೋಗೆ ಹೋದೆವು. ತುದಿಯಲ್ಲಿ ನಿಂತವಳನ್ನು ದೊಡ್ಡದು ಮಾಡಬೇಕು ಅಂದೆವು. ಸ್ಟುಡಿಯೋದವರು ಬಹಳ ಹುರುಪಿನ ಮನುಷ್ಯ. ಫೋಟೋವನ್ನು ಕಂಪ್ಯೂಟರಿಗೆ ಏರಿಸಿ, ನೋಡನೋಡುತ್ತಲೇ ಧೂಳು ಕಲೆ ಎಲ್ಲ ಹೋಗಲಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ಅಜ್ಜಾರ, ಇಷ್ಟ ಸಾದಾ ಸೀರಿ ಒಳಗ ಯಾಕ್ರಿ? ಈಗ ಎಲ್ಲಾ ಬರತೈತಿ. ಬಾಜೂಕ ಕುಂತಾರಲ್ಲ, ಆ ಚಲೋ ಸೀರೀನ ತಗದು ಇವರ ಮೈಮ್ಯಾಲ ಹಾಕಿ ಕೊಡ್ತೇನಿ. ಬಣ್ಣಾ ಹೇಳ್ರಿ, ಬಣ್ಣಾನೂ ತುಂಬತೇನಿ. ಯಾರಿಗೂ ಗೊತ್ತಾಗೂದಿಲ್ಲ" ಅಂದರು.

ನಾನು ಕಾಕಾನ ಕಡೆ ನೋಡಿದೆ. ಅವರ ಕಣ್ಣು ಪರದೆಯ ಮೇಲಿನ ಆ ಸೀರೆಯ ಮೇಲೆ ಇತ್ತು. ಅವರು ಬಚ್ಚಿಟ್ಟಿದ್ದ, ಆರಿಸಿದ್ದು ತಾವು ಅಂತ ಒಂದು ದಿನವೂ ಹೇಳದ, ಆಕೆ ಉಟ್ಟದ್ದನ್ನು ಹಗಲಿನಲ್ಲಿ ಒಮ್ಮೆಯೂ ಕಣ್ತುಂಬ ನೋಡದ ಸೀರೆ. ಒಂದು ಹೂಂ ಅಂದರೆ ಸಾಕು, ಇಷ್ಟು ವರ್ಷದ ಮೇಲೆ ಅದು ಆಕೆಯ ಮೈಮೇಲೆ ಬರುತ್ತಿತ್ತು. "ಹಸರು" ಅಂದರು ಮೆಲ್ಲಗೆ. "ಗಿಳಿ ಹಸರಲ್ಲ, ಎಳೀ ಹುಣಸಿ ಎಲಿ ಇರತೈತಲ್ಲ, ಆ ಹಸರು. ದಡಿ ಕೆಂಪು." ಸ್ಟುಡಿಯೋದವರು ಬಣ್ಣ ಹುಡುಕತೊಡಗಿದರು.

ಕಾಕಾ ಮುಂದಕ್ಕೆ ಬಗ್ಗಿ ಅವರ ಕೈ ಹಿಡಿದು ನಿಲ್ಲಿಸಿದರು.

"ಬ್ಯಾಡಪಾ. ಇದ್ದಂಗ ಇರಲಿ. ಅಕಿ ಕೊಟ್ಟದ್ದನ್ನ ನಾ ಹೊಳ್ಳಿ ಇಸಗೊಂಡ ಬರಲ್ಯಾ?"